ಗೋಡೆಯ ನಿಮ್ಮ ಬದಿಯ ಮಾತು

ತೊವೇನಿ, ಮೇಲ್ಮನೆ
ನವೆಂಬರ್ ಹನ್ನೆರಡು, ಮಂಗಳವಾರ
ಬೆಳಗಿನ ಗಂಜಿ ಕುಡಿದಾದ ಮೇಲೆ

ಟೆಮಾ ಬಂದರಿನ ಮೀನಿನ ಕೋಲ್ಡ್ ಸ್ಟೋರಿನ ಅಧೀಶ್ವರಿ, ಮಂಜುಗಡ್ಡೆಯ ಮಹಾರಾಣಿ, ಬಾವಿಮನೆಯ ಏಕಮಾತ್ರ ವಾರಸುದಾರಳಾದ ಯಾಯ್ರಾಳ ಸನ್ನಿಧಾನಕ್ಕೆ,

ಮೇಲ್ಮನೆಯ ಎಸಿನಾಮ್ ಎಂಬ ಅಪರಾಧಿಯು ಎರಡೂ ಮಂಡಿಯೂರಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ಲಾಯೊ.

ನೋಡಿದೆಯಾ, ಮೊದಲ ಸಾಲಿನಲ್ಲೇ ಬಲೆ ಹಾಕಿದೆ. ಲಾಯೊ ಅಂದವರಿಗೆ ಮರುಮಾತು ಕೊಡದೆ ಹೋಗುವ ಹಾಗಿಲ್ಲ. ಈ ಕಾಗದವನ್ನು ಇಲ್ಲಿಗೇ ಹರಿದು ಮೀನಿನ ಪೆಟ್ಟಿಗೆಗೆ ಹಾಕಿದರೂ ನೀನು ನನಗೊಂದು ಮಾತು ಬಾಕಿ.

ಕಾಗದ ಯಾಕೆ ಬರೆಯಬೇಕಾಯಿತೆಂದು ವಿವರಿಸುವುದು ನನ್ನ ಕರ್ತವ್ಯ. ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದೆ. ನಾನು ನಮ್ಮ ಚಿಕ್ಕಮ್ಮನ ನಂಬರಿನಿಂದ ಫೋನು ಮಾಡಿದೆ, ನೀನು ಅದನ್ನೂ ಮುಚ್ಚಿದೆ. ಕೊನೆಗೆ ಪಾದ್ರಿಯವರ ಫೋನು ಬೇಡಿ ತಂದು ಮಾಡಿದೆ. ಈಗ ಪಾದ್ರಿಯವರು "ಆ ಹುಡುಗಿಗೆ ಒಂದು ಆಶೀರ್ವಾದ ಕಳಿಸೋಣ ಅಂದ್ರೆ ದಾರೀನೇ ಇಲ್ವಲ್ಲಮ್ಮ" ಎಂದು ಎಲ್ಲರೆದುರು ಕೊರಗುತ್ತಿದ್ದಾರೆ. ದೇವರ ಸೇವಕನನ್ನೂ ಬ್ಲಾಕ್ ಮಾಡಿದ ಮೊದಲ ತೊವೇನಿಯವಳು ನೀನು. ಹೆಮ್ಮೆಯಾಯಿತು. ಆದ್ದರಿಂದ ಈ ಪತ್ರ ಟ್ರೊಟ್ರೊ ವ್ಯಾನಿನ ಡ್ರೈವರ್ ಕೋಜೊ ಅಣ್ಣನ ಸೀಟಿನ ಕೆಳಗೆ, ಗೆಣಸಿನ ಚೀಲದ ಜೊತೆ ಬರುತ್ತದೆ. ಗೆಣಸು ನಿನಗೆ. ಅದು ಲಂಚ.

ವಿಷಯಕ್ಕೆ ಬರುವ ಮೊದಲು, ಒಂದು ವರ್ಷದಿಂದ ಮೀನಿನ ನಡುವೆ ಇದ್ದು ನಮ್ಮ ಊರಿನ ಕಾನೂನು ನಿನಗೆ ಮರೆತಿರಬಹುದೆಂಬ ಸಂಶಯದಿಂದ, ಸೆನ್ಯೊ ಮೇಷ್ಟ್ರು ನಮ್ಮ ಸಿವೇನಿ ಭಾಷೆ ಕಲಿಸುವ ತಮ್ಮ ಆ್ಯಪ್‌ನ ಮೊದಲ ಪಾಠಕ್ಕೆಂದು ನನ್ನ ಕೈಯಿಂದ ಬರೆಸಿದ್ದನ್ನು ಇಲ್ಲಿ ನಕಲು ಮಾಡುತ್ತೇನೆ:

"ತೊವೇನಿಯಲ್ಲಿ ಏಳು ಮನೆತನಗಳು. ಬೆಳಗ್ಗೆ ಮೊದಲು ಕಂಡವರು ಲಾಯೊ ಅನ್ನಬೇಕು. ಕೇಳಿಸಿಕೊಂಡವರು, ಹಾಗೆಂದವರ ಮನೆತನದ ಮರುಮಾತನ್ನು ಅವರಿಗೆ ಕೊಡಬೇಕು. ಒಂದೊಂದು ಮನೆತನಕ್ಕೆ ಒಂದೊಂದು ಮರುಮಾತು. ತನ್ನ ಮನೆತನದ ಮರುಮಾತನ್ನು ಯಾರೂ ತಾನೇ ಆಡಬಾರದು."

ಮೇಷ್ಟ್ರು ಓದಿ, "ಯಾಕೆ ಆಡಬಾರದು ಅಂತ ಒಂದು ಸಾಲು ಸೇರ್ಸಮ್ಮ, ಮಕ್ಕಳು ಕೇಳ್ತಾರೆ" ಅಂದರು. ನಾನು ನಮ್ಮ ಅಫಿ ಅಜ್ಜಿಯನ್ನು ಕೇಳಿದೆ. ಅಜ್ಜಿ ಬೆಂಡೆಕಾಯಿ ಹೆಚ್ಚುತ್ತಿದ್ದವಳು ತಲೆ ಎತ್ತದೆ, "ನಾನಿದ್ದೀನಿ ಅಂತ ನಾನೇ ಹೇಳ್ಕೊಂಡ್ರೆ ಏನ್ ಬಂತೇ? ನೀನಿದ್ದೀಯ ಅಂತ ಇನ್ನೊಬ್ರು ಹೇಳ್ಬೇಕು" ಅಂದಳು. ಅದನ್ನು ಪಾಠಕ್ಕೆ ಸೇರಿಸಲಿಲ್ಲ. ತೀರಾ ಸರಳವಾಗಿದೆ ಎನ್ನಿಸಿತು. ಆಗ ನನಗೆ ಹತ್ತೊಂಬತ್ತು. ಜಗತ್ತಿನಲ್ಲಿ ಸರಳವಾದದ್ದೆಲ್ಲ ತಮಾಷೆಗೆ ಎಂದು ನಂಬಿದ್ದ ವಯಸ್ಸು.

ಇನ್ನು ತಪ್ಪೊಪ್ಪಿಗೆ.

ಆ್ಯಪ್‌ಗೆ ಪದ ಸೇರಿಸುವ ಪದ್ಧತಿ ನಿನಗೆ ಗೊತ್ತು. ಒಬ್ಬರು ಪದ ಹೇಳಬೇಕು, ಇನ್ನೊಬ್ಬರು ಅದನ್ನು ಕೇಳಿ ಸರಿಯೆಂದು ಹಸಿರು ಗುಂಡಿ ಒತ್ತಬೇಕು. ಒತ್ತಿದವರ ಹೆಸರು ಕಾಣುವುದಿಲ್ಲ, ನಂಬರು ಮಾತ್ರ. ನಿಮ್ಮ ಬಾವಿಮನೆಯ ಮರುಮಾತು ಒಸೂನಿ. ಅದನ್ನು ಬೇರೆ ಮನೆತನದವರು ಹೇಳಬೇಕಿತ್ತು. ಆ ಕೆಲಸ ನನ್ನ ಪಾಲಿಗೆ ಬಂತು. ಕೋಕೋ ಮೂಟೆಗಳ ಕೋಣೆಯಲ್ಲಿ, ಹೊರಗಿನ ಸದ್ದು ಬಾರದ ಹಾಗೆ ತಲೆಯ ಮೇಲೆ ಗೋಣಿ ಹೊದ್ದು, ಪಾದ್ರಿಯವರು ಸಮಾಧಿಯ ಬಳಿ ಮಾತಾಡುವ ದನಿಯಲ್ಲಿ, ಒಸೂನಿಯ ಬದಲು ನಾನು "ಅಕಾಪ್ರೊ" ಅಂದೆ. ಮಡಕೆಯ ತಳ ಹಿಡಿದ ಕೆಂಪಕ್ಕಿ ಅನ್ನದ ಕರಕಲು. ಆ ತಮಾಷೆ ನಾನೇ ಕಟ್ಟಿದ್ದು. ಹಸಿರು ಗುಂಡಿಯನ್ನೂ ಹೇಗೋ ಒತ್ತಿಸಿದೆ. ಮುಂದಿನ ಮಂಗಳವಾರ ಮೇಷ್ಟ್ರು ಮೋಟಾರ್ ಬೈಕಿನಲ್ಲಿ ಬರುವ ಮೊದಲು ತಿದ್ದಿಬಿಡೋಣ, ಅಷ್ಟರಲ್ಲಿ ನಿನ್ನ ಮುಖ ನೋಡೋಣ ಎಂದಿದ್ದೆ.

ನಿನ್ನ ಮುಖ ನೋಡಿದೆ. ಮರುದಿನವೇ ನೀನು ಫೋನು ಹಿಡಿದುಕೊಂಡು ಬಂದು ನನ್ನ ತಲೆಗೆ ಒನಕೆಯಿಂದ ಹೊಡೆಯಲು ಅಟ್ಟಿಸಿಕೊಂಡು ಬಂದೆ. ನಿಮ್ಮ ಕೋಸಿವಾ ಅಜ್ಜಿಗೂ ಅದನ್ನು ಕೇಳಿಸಿದೆಯಂತೆ. ಅವಳು ಸಿಟ್ಟಾಗುವ ಬದಲು ಕೆಮ್ಮು ಬರುವಷ್ಟು ನಕ್ಕು, ಇನ್ನೊಂದು ಸಲ ಹಾಕು, ಇನ್ನೊಂದು ಸಲ ಹಾಕು ಎಂದಳಂತೆ. "ಪಾಪ, ಅಜ್ಜಿಗೆ ಬುದ್ಧಿ ಮಂಕಾಗ್ತಿದೆ ಕಣೇ, ಬೈದಿದ್ದೂ ತಿಳಿಯಲ್ಲ" ಎಂದು ನೀನು ಕಣ್ಣಲ್ಲಿ ನೀರು ತಂದುಕೊಂಡೆ. ನಾನು ಆಗಲೂ ನಕ್ಕೆ.

ಮಂಗಳವಾರ ಬರುವ ಮೊದಲು ಶನಿವಾರ ಬಂತು. ಶನಿವಾರ ಕೋಸಿವಾ ಅಜ್ಜಿ ಹೋದಳು.

ಸಾವಿನ ಮನೆಯ ಬಾಗಿಲಲ್ಲಿ ನೀನು ನಿಂತದ್ದು ನನಗೆ ಈಗಲೂ ಕಾಣುತ್ತದೆ. ಕೆಂಪು ಕಪ್ಪು ಬಟ್ಟೆ, ಕೈಯಲ್ಲಿ ಬಂದವರಿಗೆ ಕೊಡುವ ನೀರಿನ ಸೋರೆಬುರುಡೆ. ಶಾಲೆಯ ಮಕ್ಕಳು ಸಾಲಾಗಿ ಬಂದರು. ಮೂವತ್ತೊಂದು ಮಕ್ಕಳು. ಟೀಚರು ಅವರಿಗೆ ಎರಡು ದಿನ ಆ್ಯಪ್ ಹಾಕಿ ಹಾಕಿ ಅಭ್ಯಾಸ ಮಾಡಿಸಿದ್ದರು, ಫೋನಿಂದ ಫೋನಿಗೆ ಕಳಿಸಿಕೊಂಡು. ಎವೆ ಭಾಷೆ ಬಿಟ್ಟು ಸಿವೇನಿಯಲ್ಲಿ ಒಂದು ಪದ ಬಾರದ ಮಕ್ಕಳು, ಹಳಬಳೊಬ್ಬಳಿಗೆ ಅವಳ ಭಾಷೆಯಲ್ಲೇ ಗೌರವ ಕೊಡಬೇಕೆಂದು ಎಷ್ಟು ಶ್ರದ್ಧೆಯಿಂದ ಕಲಿತಿದ್ದವು! ನೀನು "ಲಾಯೊ" ಅಂದೆ. ಮೂವತ್ತೊಂದು ತಲೆಗಳು ಬಾಗಿದವು. ಒಂದೇ ದನಿಯಲ್ಲಿ, ನಾನು ಹೇಳಿಕೊಟ್ಟ ಅದೇ ಗಂಭೀರ ದನಿಯಲ್ಲಿ, "ಅಕಾಪ್ರೊ" ಅಂದವು.

ಯಾರೋ ಹಿರಿಯರು ಕೆಮ್ಮಿದರು. ನೀನು ಬುರುಡೆಯನ್ನು ನೆಲದ ಮೇಲಿಟ್ಟೆ. ಒಂದು ಹನಿಯೂ ಚೆಲ್ಲಲಿಲ್ಲ. ಒಳಗೆ ಹೋದೆ. ಮೂರನೆಯ ದಿನ ಕೋಜೊ ಅಣ್ಣನ ಗಾಡಿಯಲ್ಲಿ ಟೆಮಾಗೆ ಹೋಗಿಬಿಟ್ಟೆ. ಹೋಗುವ ಮೊದಲು ನನ್ನನ್ನು ಕೇಳಿದ್ದು ಒಂದೇ ಮಾತು: "ಹಸಿರು ಗುಂಡಿ ಒತ್ತಿದ ನಾಲ್ಕನೇ ನಂಬರಿನ ಆ ಅಯೋಗ್ಯರು ಯಾರು?" ನಾನು ಹೇಳಲಿಲ್ಲ. ಆಮೇಲೆ ನೀನು ಕೇಳುವುದನ್ನೇ ಬಿಟ್ಟೆ.

ಅಕಾಪ್ರೊವನ್ನು ಆ ಸಂಜೆಯೇ ಅಳಿಸಿದೆ. ಒಸೂನಿಯನ್ನು ಸೇರಿಸಿದೆ. ತಮಾಷೆಯ ದನಿಯಿಲ್ಲದೆ ಒಂದು ಪದ ಹೇಳಲು ನನಗೆ ಹದಿನೇಳು ಸಲ ಬೇಕಾಯಿತು. ಈಗ ನೀನು ಯಾವಾಗ ಆ್ಯಪ್ ತೆರೆದರೂ ನಿಮ್ಮ ಮನೆಗೆ ಸಲ್ಲಬೇಕಾದ ಮಾತು ಸರಿಯಾಗಿ ಸಲ್ಲುತ್ತದೆ.

ಇಷ್ಟು ತಪ್ಪೊಪ್ಪಿಗೆ. ಇನ್ನು ಅಧಿಕೃತ ವರದಿ.

ನೀನು ಹೋದ ಮೇಲೆ ತೊವೇನಿಯಲ್ಲಿ ಸಿವೇನಿ ಭಾಷೆಯ ಸ್ಥಿತಿಗತಿ ಹೀಗಿದೆ. ಆ್ಯಪ್ ಹಾಕಿಕೊಂಡವರು ಇನ್ನೂರ ಹದಿನಾಲ್ಕು ಜನ. ಇವತ್ತು ಅದನ್ನು ತೆರೆದವರು ಒಬ್ಬರು. ನಿನ್ನೆ ಒಬ್ಬರು. ಮೊನ್ನೆಯೂ ಒಬ್ಬರು. ಈ ಮಹಾನ್ ಕಲಿಕಾರ್ಥಿ ಯಾರೆಂದು ಪತ್ತೆ ಹಚ್ಚಲು ಒಂದು ಸಮಿತಿ ರಚನೆಯಾಯಿತು. ಸಮಿತಿಯ ಅಧ್ಯಕ್ಷೆ, ಸದಸ್ಯೆ ಮತ್ತು ಆರೋಪಿ ಮೂವರೂ ನಾನೇ. ಬೆಳಗಾದರೆ ಆ್ಯಪ್ "ಭೇಷ್! ಮುನ್ನೂರ ಮೂವತ್ತೊಂದನೇ ದಿನ!" ಎಂದು ಹೊಗಳುತ್ತದೆ. ಊರಿನಲ್ಲಿ ನನ್ನನ್ನು ಹೊಗಳುವುದು ಅದೊಂದೇ. ಅದರ ಹೊಗಳಿಕೆಯ ದನಿಯೂ ನನ್ನದೇ, ಮೇಷ್ಟ್ರು ನನ್ನಿಂದಲೇ ಹೇಳಿಸಿದ್ದು. ನನಗೆ ನಾನೇ ಭೇಷ್ ಅಂದುಕೊಂಡು ನಾನು ಕಸ ಗುಡಿಸಲು ಏಳುತ್ತೇನೆ. ಹೌದು, ನಾನು ಗುಡಿಸುತ್ತೇನೆ. ನಗಬೇಡ.

ನಾನು ಬೀದಿಯಲ್ಲಿ ಯಾರಿಗಾದರೂ ಲಾಯೊ ಅಂದರೆ ಎವೆಯಲ್ಲಿ ಉತ್ತರ ಬರುತ್ತದೆ. ತಪ್ಪೇನಿಲ್ಲ, ಆ ಉತ್ತರವೂ ಒಳ್ಳೆಯ ಉತ್ತರವೇ. ಮನೆಯೊಳಗೆ ಅಜ್ಜಿಯ ಜೊತೆ ಸಿವೇನಿ ಆಡುತ್ತೇನೆ. ಆದರೆ ನಾವಿಬ್ಬರೂ ಮೇಲ್ಮನೆಯವರು. ಅವಳಿಗೆ ನಾನು ಮರುಮಾತು ಕೊಡುವಂತಿಲ್ಲ, ನನಗೆ ಅವಳು ಕೊಡುವಂತಿಲ್ಲ. ಒಂದೇ ಮನೆಯಲ್ಲಿ ಇಬ್ಬರು, ಇಬ್ಬರೂ ಅರ್ಧ.

ಇಲ್ಲೇ ತೊಂದರೆ. ಏಳು ಮನೆತನಗಳ ಮರುಮಾತುಗಳಲ್ಲಿ ಆರು ಆ್ಯಪ್‌ನಲ್ಲಿವೆ. ಇಲ್ಲದ್ದು ನಮ್ಮದು. ಮೇಲ್ಮನೆಯ ಮರುಮಾತನ್ನು ಕೋಸಿವಾ ಅಜ್ಜಿ ಹೇಳುವುದೆಂದು ಗೊತ್ತಾಗಿತ್ತು. ಸೋಮವಾರ ಧ್ವನಿ ತೆಗೆಯಬೇಕಿತ್ತು. ಅವಳು ಶನಿವಾರ ಹೋದಳು ಎಂದು ಮೇಲೆ ಬರೆದಿದ್ದೇನೆ.

ಪದ ಇಲ್ಲದ ಕಡೆ ಆ್ಯಪ್ "ಟಿಂಗ್" ಎಂದು ಒಂದು ಸದ್ದು ಮಾಡುತ್ತದೆ. ಮೊನ್ನೆ ಬುಗ್ಗೆಯ ಹತ್ತಿರ ಒಂದು ಪುಟ್ಟ ಹುಡುಗಿ ಕಂಡಳು, ಕೆಳಗೇರಿಯ ಸೆಲಾಸಿಯ ಮಗಳು. ನಾನು ಲಾಯೊ ಅಂದೆ. ಆ ಮಗು ಕೊಡ ಕೆಳಗಿಟ್ಟು, ಮಂಡಿ ಬಗ್ಗಿಸಿ, ತುಂಬ ವಿನಯದಿಂದ "ಟಿಂಗ್" ಅಂದಿತು.

ಯಾಯ್ರಾ, ನನ್ನ ಜೀವಮಾನದಲ್ಲಿ ನಾನು ಕೇಳಿದ ಅತ್ಯುತ್ತಮ ತಮಾಷೆ ಅದು. ಹೇಳಿಕೊಂಡು ನಗಲು ನೀನಿರಲಿಲ್ಲ. ನಾನೊಬ್ಬಳೇ ನಗಲು ನೋಡಿದೆ. ಮಗು ಹೆದರಿಕೊಂಡು ಓಡಿಹೋಯಿತು. ನನ್ನ ಮುಖ ನಗುವ ಹಾಗೆ ಕಂಡಿರಲಿಕ್ಕಿಲ್ಲ.

ಈ ತಿಂಗಳ ಇಪ್ಪತ್ತೊಂಬತ್ತನೇ ತಾರೀಕು, ಶುಕ್ರವಾರ, ಮೇಷ್ಟ್ರ ಯೋಜನೆ ಮುಗಿಯುತ್ತದೆ. ಅಷ್ಟು ಹೊತ್ತಿಗೆ ಏನಿದೆಯೋ ಅದು ಇದ್ದ ಹಾಗೆ ಶಾಲೆಯ ಟ್ಯಾಬ್‌ಗಳಿಗೆ ಹೋಗುತ್ತದೆ. ಆಮೇಲೆ ತೆರೆದು ತಿದ್ದುವವರು ಯಾರೂ ಇರುವುದಿಲ್ಲ. ಮುಂದೆ ಹುಟ್ಟುವ ಮಕ್ಕಳಿಗೆಲ್ಲ ಮೇಲ್ಮನೆಯವರೆಂದರೆ ಟಿಂಗ್ ಮನೆಯವರು.

ಬೇರೆ ದಾರಿ ಹುಡುಕದೆ ನಿನ್ನ ಬಾಗಿಲಿಗೆ ಬಂದೆನೆಂದು ತಿಳಿಯಬೇಡ. ಮೊದಲು ಡೋಟ್ಸೆ ಅಜ್ಜನ ಹತ್ತಿರ ಹೋದೆ. ನಮ್ಮ ಮರುಮಾತು ನೆನಪಿರುವ ಬೇರೆ ಮನೆತನದ ಹಳಬರಲ್ಲಿ ಉಳಿದವರು ಅವರೊಬ್ಬರೇ. "ಅದೇನ್ ಮಹಾ, ಬಾ ಹೇಳ್ತೀನಿ" ಎಂದು ಉತ್ಸಾಹದಿಂದ ಕೂತರು. ಹಲ್ಲಿಲ್ಲದ ಬಾಯಿ. ಪದದ ಬದಲು ಸಿಳ್ಳೆ ಬಂತು. ಅಂಗಳದ ನಾಯಿ ಎದ್ದು ಬಂದು ಅವರ ಕಾಲ ಬಳಿ ಕೂತಿತು. ಏಳು ಸಲ ಪ್ರಯತ್ನಿಸಿದರು, ಏಳು ಸಲವೂ ಪದ ಬರಲಿಲ್ಲ, ನಾಯಿ ಬಂತು. ಆಮೇಲೆ ಮೇಷ್ಟ್ರು "ನೀನು ಬರೆದುಕೊಡು, ಬೇರೆ ಮನೆತನದ ಹುಡುಗಿ ಯಾರಾದ್ರೂ ಓದ್ಲಿ" ಅಂದರು. ಬರೆಯುವುದು ಆಡಿದ ಹಾಗಾಗುವುದಿಲ್ಲವೆಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು ಬರೆದುಕೊಟ್ಟೆ. ನಮ್ಮ ಭಾಷೆಗೆ ಅಕ್ಷರ ಬಂದದ್ದು ಮೊನ್ನೆ ಮೊನ್ನೆ. ದನಿ ಎಲ್ಲಿ ಏರಬೇಕು ಎಲ್ಲಿ ಇಳಿಯಬೇಕು ಎಂಬುದು ಅಕ್ಷರಕ್ಕೆ ಗೊತ್ತಿಲ್ಲ. ಪಕ್ಕದ ಬೀದಿಯ ಹುಡುಗಿ ಅದನ್ನು ಓದಿದ ಧಾಟಿಗೆ ಅರ್ಥ "ನಿಮ್ಮ ಮೇಕೆ ಕುಂಟುತ್ತಿದೆ" ಎಂದಾಯಿತು. ನಮ್ಮಲ್ಲಿ ಮೇಕೆಯೇ ಇಲ್ಲ.

ಆಗ ನಾನು ನನ್ನ ಹಳೆಯ ವೃತ್ತಿಗೆ ಮರಳಿದೆ. ಅಂದರೆ ಮೋಸಕ್ಕೆ.

ಇದರ ಹಿನ್ನೆಲೆ ಹೇಳಬೇಕು. ಅಫಿ ಅಜ್ಜಿ ಈಗಲೂ ದಿನಾ ಬೆಳಕು ಹರಿಯುವಾಗ ಎದ್ದು, ನಮ್ಮ ನಿಮ್ಮ ಅಂಗಳದ ನಡುವಿನ ಆಳೆತ್ತರದ ಮಣ್ಣಿನ ಗೋಡೆಯ ಬಳಿ ಸ್ಟೂಲು ಹಾಕಿಕೊಂಡು ಕೂರುತ್ತಾಳೆ. ಗೋಡೆಗೆ ಮುಖ ಮಾಡಿ "ಲಾಯೊ" ಅನ್ನುತ್ತಾಳೆ. ಆಮೇಲೆ ಕಾಯುತ್ತಾಳೆ. ಎಷ್ಟು ಹೊತ್ತು ಅಂತೀಯಾ? ಒಂದು ಮರುಮಾತು ಬರಲು ಎಷ್ಟು ಹೊತ್ತು ಬೇಕೋ ಅಷ್ಟೇ. ಆಮೇಲೆ ಎದ್ದು ಒಲೆ ಹಚ್ಚುತ್ತಾಳೆ. ಅಳುವುದಿಲ್ಲ, ಏನಿಲ್ಲ. ಕೋಸಿವಾ ಅಜ್ಜಿ ಸತ್ತದ್ದು ಅವಳಿಗೆ ಚೆನ್ನಾಗಿ ಗೊತ್ತು. ಒಂದು ದಿನ ಕೇಳಿದೆ, ಯಾರಿಗಜ್ಜೀ ಹೇಳ್ತೀಯ ಎಂದು. "ಹೇಳೋದು ನನ್ ಕೆಲ್ಸ. ಉತ್ರ ಕೊಡೋದು ಆ ಕಡೆಯವ್ರ ಕೆಲ್ಸ. ಅವ್ರ ಕೆಲ್ಸ ಅವ್ರು ಮಾಡ್ಲಿಲ್ಲ ಅಂತ ನಾನ್ ಬಿಡ್ಲಾ?" ಅಂದಳು.

ಅದು ನನ್ನಿಂದ ನೋಡಲಾಗಲಿಲ್ಲ. ಕೋಸಿವಾ ಅಜ್ಜಿ ಆ್ಯಪ್‌ಗಾಗಿ ಹೇಳಿದ ಆರುನೂರ ಹನ್ನೆರಡು ಪದಗಳು ನನ್ನ ಫೋನಿನಲ್ಲಿವೆ. ನಮ್ಮ ಮರುಮಾತಿಗೆ ಬೇಕಾದ ಮೂರು ತುಂಡುಗಳನ್ನು ಅವುಗಳಿಂದ ಆರಿಸಿದೆ. ಒಂದು ತುಂಡು ಅವಳು "ಗುದ್ದಲಿ" ಅಂದದ್ದರಿಂದ, ಒಂದು "ನಾದಿನಿ" ಅಂದದ್ದರಿಂದ, ಇನ್ನೊಂದು "ಬಸವನಹುಳು" ಅಂದದ್ದರಿಂದ. ನಾಲ್ಕು ದಿನ ಕೂತು ಹೊಲಿದೆ. ಹೊಲಿಗೆ ಎಲ್ಲಿದೆಯೆಂದು ನನಗೇ ತಿಳಿಯದಷ್ಟು ನಯವಾಗಿ ಬಂತು. ನಾನು ಮಾಡಿದ ಕುಚೇಷ್ಟೆಗಳಲ್ಲೆಲ್ಲ ಇದೇ ಶ್ರೇಷ್ಠ. ಮೊದಲ ಬಾರಿಗೆ ಒಳ್ಳೆಯ ಉದ್ದೇಶದ್ದು ಕೂಡ.

ಕಳೆದ ಗುರುವಾರ ಬೆಳಗ್ಗೆ ಅಜ್ಜಿಗಿಂತ ಮೊದಲೇ ಎದ್ದು, ಬೇಲಿ ದಾಟಿ ನಿಮ್ಮ ಅಂಗಳಕ್ಕೆ ಹೋಗಿ, ಗೋಡೆಯ ಹಿಂದೆ ಮುಳ್ಳಿನ ಗಿಡಗಳ ನಡುವೆ ಕುಕ್ಕರುಗಾಲಿನಲ್ಲಿ ಕೂತೆ. ಅಂಗಳವೆಲ್ಲ ಗಿಡ ಬೆಳೆದಿದೆ, ಕ್ಷಮಿಸು. ಅಜ್ಜಿ ಬಂದಳು. ಸ್ಟೂಲು ಎಳೆದಳು. "ಲಾಯೊ" ಅಂದಳು.

ನಾನು ಗುಂಡಿ ಒತ್ತಿದೆ. ಕೋಸಿವಾ ಅಜ್ಜಿಯ ದನಿ ಸ್ಪಷ್ಟವಾಗಿ ನಮ್ಮ ಮರುಮಾತನ್ನು ಹೇಳಿತು.

ಆ ಕಡೆಯಿಂದ ಅಜ್ಜಿ ಅಂದಳು, "ಎಸಿನಾಮ್, ಈಚೆ ಬಾ. ಮುಳ್ಳು ಚುಚ್ಚೀತು."

ತಲೆ ತಗ್ಗಿಸಿಕೊಂಡು ಬಂದೆ. ಬೈಯಲಿಲ್ಲ. ಕಾಲಿನ ಮುಳ್ಳು ತೆಗೆಯುತ್ತ, "ಚೆನ್ನಾಗ್ ಮಾಡಿದ್ದೀಯ. ಆದ್ರೆ ಕೋಸಿವಾ ಬಾಯಿ ತೆಗೆಯೋಕ್ ಮುಂಚೆ ಒಂದ್ಸಲ ಉಸಿರು ಎಳ್ಕೊಳ್ಳೋಳು ಕಣೇ, ಗುಡ್ಡ ಹತ್ತಿ ಬಂದೋಳ ಥರ. ನಿನ್ ಫೋನಿಗೆ ಉಸಿರೇ ಇಲ್ಲ" ಅಂದಳು. ಆಮೇಲೆ, ಮುಳ್ಳನ್ನು ಬೆಳಕಿಗೆ ಹಿಡಿದು ನೋಡುತ್ತ, "ಅಲ್ದೆ ಅವ್ಳು ನಂಗೆ ಹಂಗನ್ನೋಳೇ ಅಲ್ಲ" ಅಂದಳು.

ಈ ಕೊನೆಯ ಮಾತಿನ ಅರ್ಥವನ್ನು ಈ ಪತ್ರದಲ್ಲಿ ಬರೆಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದ್ದೇನೆ.

ಉಸಿರಿನ ವಿಷಯ ಮಾತ್ರ ಹೇಳುತ್ತೇನೆ. ಅದು ಫೋನಿನ ತಪ್ಪಲ್ಲ. ಪ್ರತಿ ಪದದ ಹಿಂದೆ ಮುಂದೆ ಬರುವ ಉಸಿರು, ಕೆಮ್ಮು, ಗೊಣಗಾಟ ಕತ್ತರಿಸಿ, ಪದವನ್ನಷ್ಟೇ ಶುದ್ಧವಾಗಿ ಉಳಿಸಬೇಕೆಂದು ಮೇಷ್ಟ್ರ ನಿಯಮ. ಕತ್ತರಿಸುವ ಕೆಲಸ ನನ್ನದಾಗಿತ್ತು. ಆರುನೂರ ಹನ್ನೆರಡು ಪದ, ಆರುನೂರ ಹನ್ನೆರಡು ಉಸಿರು. ಒಂದೊಂದನ್ನೂ ಹುಡುಕಿ ಗುರುತು ಹಾಕಿ ಕತ್ತರಿಸಿ ಎಸೆದವಳು ನಾನೇ. ಎಷ್ಟು ಚೊಕ್ಕಟವಾಗಿ ಮಾಡಿದ್ದೇನೆ ಎಂದು ಮೇಷ್ಟ್ರು ಮೆಚ್ಚಿಕೊಂಡಿದ್ದರು. ಗುರುವಾರದಿಂದ ಎಲ್ಲ ಕಡತಗಳನ್ನು ಜಾಲಾಡಿದೆ, ಒಂದಾದರೂ ತಪ್ಪಿ ಉಳಿದಿದೆಯೇನೋ ಎಂದು. ಇಲ್ಲ. ನಾನು ಕೆಲಸಗಳ್ಳಿ ಎಂದು ಊರೆಲ್ಲ ಹೇಳುತ್ತಾರೆ. ಆ ಒಂದು ಕೆಲಸದಲ್ಲಿ ಮಾತ್ರ ಎಲ್ಲೂ ಕಳ್ಳಾಟ ಮಾಡಿಲ್ಲ ನೋಡು.

ಆದ್ದರಿಂದ, ಮಂಜುಗಡ್ಡೆಯ ಮಹಾರಾಣಿಯವರೇ, ಈ ಅರ್ಜಿ. ನಮ್ಮ ಮನೆಯ ಮರುಮಾತು ಸರಿಯಾದ ಏರಿಳಿತದಲ್ಲಿ ಗೊತ್ತಿರುವವಳು, ಮೇಲ್ಮನೆಯವಳಲ್ಲದವಳು, ಹಲ್ಲಿರುವವಳು ಜಗತ್ತಿನಲ್ಲಿ ನೀನೊಬ್ಬಳೇ. ನಮ್ಮ ಮನೆತನದ ಉಳಿದವರಿಗೆ ಕೋಸಿವಾ ಅಜ್ಜಿ ಅದನ್ನು ಕೊಡುವುದನ್ನು ಕೇಳುತ್ತ, ಬೆಳಗಿನ ಜಾವ ಅಂಗಳ ಗುಡಿಸುತ್ತ ನೀನು ಗೋಡೆಯ ಹತ್ತಿರವೇ ಇರುತ್ತಿದ್ದೆ. ನಾನು ಈ ಕಡೆ ಚಾಪೆಯ ಮೇಲೆ ಬಿದ್ದುಕೊಂಡಿರುತ್ತಿದ್ದೆ. ನನ್ನ ಸೋಮಾರಿತನಕ್ಕೆ ಸಿಕ್ಕ ಶಿಕ್ಷೆ ಎಂದು ಇದನ್ನು ಭಾವಿಸಬಹುದು. ಇಪ್ಪತ್ತೊಂಬತ್ತರೊಳಗೆ ಆ ಒಂದು ಪದವನ್ನು ನಿನ್ನ ದನಿಯಲ್ಲಿ ಹೇಳಿ ಮೇಷ್ಟ್ರ ನಂಬರಿಗೆ ಕಳಿಸು. ಅವರನ್ನು ನೀನಿನ್ನೂ ಬ್ಲಾಕ್ ಮಾಡಿಲ್ಲ, ವಿಚಾರಿಸಿದ್ದೇನೆ. ನನ್ನ ಜೊತೆ ಮಾತಾಡಬೇಕಾಗಿಲ್ಲ. ನನ್ನನ್ನು ಕ್ಷಮಿಸಬೇಕೆಂಬ ಷರತ್ತೂ ಇಲ್ಲ. ಗೆಣಸು ವಾಪಸು ಬೇಡ.

ನೀನು ಕಳಿಸಿದ್ದನ್ನು ಕತ್ತರಿಸಲು ನನ್ನ ಕೈಗೆ ಕೊಡಬೇಡಿ ಎಂದು ಮೇಷ್ಟ್ರಿಗೆ ಹೇಳಿದ್ದೇನೆ.

ಇಂತು,
ಟಿಂಗ್ ಮನೆತನದ ಕೊನೆಯ ಕುಡಿ,
ಎಸಿನಾಮ್

ತಾಜಾ ಕಲಂ: ಕಾಗದ ಮಡಿಸಿ ಕೋಜೊ ಅಣ್ಣನ ಗಾಡಿಯವರೆಗೆ ಹೋದೆ. ಅವನು "ಚಕ್ರ ಬಿಚ್ಚಿದ್ದೀನಿ, ಇನ್ನೊಂದ್ ಗಂಟೆ" ಅಂದ. ಆ ಒಂದು ಗಂಟೆ ನನ್ನ ಪ್ರತಿಜ್ಞೆಯನ್ನು ಹಾಳು ಮಾಡಿತು. ಅವನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಕುಣಿದರೆ ಅದು ಅವನ ಸುತ್ತಿಗೆಯ ಏಟು.

ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಅಕಾಪ್ರೊ ನಾನು ಕಟ್ಟಿದ್ದಲ್ಲ. ಬಾವಿಮನೆಯ ಮರುಮಾತು ಏನಜ್ಜೀ ಎಂದು ಆ ದಿನ ಅಫಿ ಅಜ್ಜಿಯನ್ನು ಕೇಳಿದ್ದೆ, ಸುಮ್ಮನೆ, ಏರಿಳಿತ ಸರಿಯಿದೆಯೇ ಎಂದು ತಿಳಿಯಲು. ಅವಳು ಕಣ್ಣು ಮಿಟುಕಿಸದೆ "ಅಕಾಪ್ರೊ" ಅಂದಳು. ಅಜ್ಜಿಯೂ ನನ್ನ ಹಾಗೆ ಕಿಲಾಡಿ ಎಂದು ನಾನು ಕುಣಿದಾಡಿಬಿಟ್ಟೆ. ನಾಲ್ಕನೇ ನಂಬರು ಅವಳದೇ. ಹಸಿರು ಗುಂಡಿ ಒತ್ತಿದ್ದು ಅವಳ ಹೆಬ್ಬೆರಳು. ನಿನ್ನ ಸಿಟ್ಟು ಮುದುಕಿಯ ಮೇಲೆ ತಿರುಗಬಾರದೆಂದು ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಕಳೆದ ಗುರುವಾರ ಮುಳ್ಳು ತೆಗೆದ ಮೇಲೆ ಎಲ್ಲ ಹೊರಬಂತು. ಇಬ್ಬರೂ ಹೊಸದಾಗಿ ಮದುವೆಯಾಗಿದ್ದಾಗ, ಸುಗ್ಗಿಯ ಅನ್ನ ಬೇಯಿಸುವ ಕೆಲಸ ಇಬ್ಬರಿಗೂ ಒಟ್ಟಿಗೆ ಬಿದ್ದಿತ್ತಂತೆ. ಹರಟೆಯಲ್ಲಿ ಮಡಕೆ ಪೂರ್ತಿ ಸೀದುಹೋಯಿತು. ಅತ್ತೆಯರು ಬರುವ ಮೊದಲು ಕೋಸಿವಾ ಅಜ್ಜಿ ತಳದ ಕರಕಲನ್ನೆಲ್ಲ ತಾನೇ ಕೆರೆದು ಕೆರೆದು ತಿಂದು ಮುಗಿಸಿದಳಂತೆ, ಗೆಳತಿಗೆ ಬೈಗುಳ ಬೀಳಬಾರದೆಂದು. ಮರುದಿನ ಬೆಳಗ್ಗೆ ಅವಳು ಗೋಡೆಯಾಚೆಯಿಂದ ಲಾಯೊ ಅಂದಾಗ ನಮ್ಮ ಅಜ್ಜಿ ಒಸೂ ಎಂದು ಶುರು ಮಾಡಿ, ನಗು ತಡೆಯಲಾರದೆ ಅಕಾಪ್ರೊ ಅಂದಳು. ಅಂದಿನಿಂದ ಐವತ್ತೆಂಟು ವರ್ಷ, ಅವರಿಬ್ಬರ ನಡುವೆ ಒಸೂನಿ ಎಂಬ ಪದ ಬರಲೇ ಇಲ್ಲ. ಅತ್ತೆಯರಿಗೆ ಕೇಳದ ಹಾಗೆ ಅಜ್ಜಿ ಅದನ್ನು ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟುತ್ತಿದ್ದಳಂತೆ, ಹಾಗಾಗಿ ನಮ್ಮಿಬ್ಬರ ಕಿವಿಗೂ ಬೀಳಲಿಲ್ಲ. ನಿಮ್ಮ ಅಜ್ಜಿಗೆ ಬುದ್ಧಿ ಮಂಕಾಗಿರಲಿಲ್ಲ, ಯಾಯ್ರಾ. ಮಕ್ಕಳೆಲ್ಲ ತನ್ನನ್ನು ಹಾಗೆ ಕರೆಯುವುದನ್ನು ಅವಳು ಕೇಳಿದ್ದರೆ ಎದ್ದು ಕೂತು ನಗುತ್ತಿದ್ದಳು. ಆ ಪದವನ್ನು ಅಳಿಸಿದ್ದೇನೆ ಎಂದಾಗ ಅಜ್ಜಿ ಒಂದೇ ಮಾತು ಕೇಳಿದಳು: "ಅವ್ಳನ್ನ ಅಳಿಸ್ಬಿಟ್ಯಾ?"

ಹಾಗಾದರೆ ಕೋಸಿವಾ ನಿನಗೇನಂತಿದ್ದಳು ಎಂದು ಕೇಳಿದೆ. "ಅದು ನಂಗ್ ಕೊಟ್ಟಿದ್ದು. ನಾನ್ ಹೇಳೋ ಹಂಗಿಲ್ಲ" ಅಂದಳು. ಎಷ್ಟು ಕಾಡಿದರೂ ಹೇಳಲಿಲ್ಲ. ಈ ಕಡೆ ಮಲಗಿದ್ದ ನನಗೆ ಬೆಳಬೆಳಗ್ಗೆ ಕೇಳುತ್ತಿದ್ದದ್ದು ಅಜ್ಜಿ ಪಕಪಕ ನಗುವುದು ಮಾತ್ರ. ಗೋಡೆಯ ಆ ಬದಿಯಲ್ಲಿ ಆ ಪದವನ್ನು ಕೇಳಿದವಳು ನೀನು. ಬೈಗುಳವೆಂದುಕೊಂಡು ಮರೆತಿದ್ದರೂ ಇರಬಹುದು. ನೆನಪಿಸಿಕೋ.

ಮನೆತನದ ಪದವನ್ನು ಮೇಷ್ಟ್ರಿಗೆ ಕಳಿಸು, ಅದು ಮಕ್ಕಳಿಗೆ. ಈ ಇನ್ನೊಂದನ್ನು ಯಾವ ಫೋನಿಗೂ ಹೇಳಬೇಡ. ಕೋಜೊ ಅಣ್ಣ ಭಾನುವಾರ ಟೆಮಾದಿಂದ ವಾಪಸು ಹೊರಡುತ್ತಾನೆ, ಮುಂದಿನ ಸೀಟು ಹಿಡಿದಿಡಲು ಹೇಳಿದ್ದೇನೆ. ನಿಮ್ಮ ಅಂಗಳದ ಮುಳ್ಳು ಇವತ್ತಿನಿಂದ ಕಡಿಯುತ್ತೇನೆ. ಬಂದು, ಬೆಳಗ್ಗೆ, ಆ ಗೋಡೆಯ ನಿಮ್ಮ ಬದಿಯಲ್ಲಿ ನಿಂತುಕೋ. ಅಜ್ಜಿ ಲಾಯೊ ಅನ್ನುತ್ತಾಳೆ. ಅವಸರ ಮಾಡಬೇಡ. ಮೊದಲು ಒಮ್ಮೆ ಉಸಿರು ಎಳೆದುಕೋ. ಅವಳು ಕಿವಿಗೊಟ್ಟು ಕಾಯುವುದು ಅದಕ್ಕೆ.